ಭಯೋತ್ಪಾದನೆ, ವಿಜ್ಞಾನ ಮತ್ತು ವಿವೇಕ: ಒಂದು ವಿಮರ್ಶೆ

ಭಯೋತ್ಪಾದನೆಯ ಪಿಡುಗಿಗೆ ವಿಜ್ಞಾನ ಮತ್ತು ತಂತ್ರಜ್ಞಾನಗಳೇ ಮದ್ದು ಎಂಬ ಅಭಿಪ್ರಾಯ ಇಂದು ಸಾರ್ವತ್ರಿಕವಾಗಿದೆ. ಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆಯಲ್ಲಿಯೂ, ಸಾರ್ವಜನಿಕ ಸಭೆಗಳ ಭಾಷಣಗಳಲ್ಲಿಯೂ, ಧರ್ಮಸಂಸ್ಥೆಗಳ ಆಡಳಿತ ಮಂಡಳಿಯ ಚರ್ಚೆಗಳಲ್ಲಿಯೂ ಇದೇ ಮಾತು ಕೇಳಿಬರುತ್ತದೆ. ಕ್ಯಾಮರಾಗಳನ್ನು ಹೆಚ್ಚಿಸಬೇಕು, ಎಲ್ಲರ ಬೆರಳಚ್ಚು ಸಂಗ್ರಹಿಸಬೇಕು, ಮುಖ ಗುರುತಿಸುವ ಯಂತ್ರಗಳನ್ನು ತರಿಸಬೇಕು. ಆಗ ದುಷ್ಟರು ತಾವಾಗಿಯೇ ಸಿಕ್ಕಿಬೀಳುತ್ತಾರೆ ಎಂಬುದು ಈ ವಾದದ ತಿರುಳು. ಈ ಅಭಿಪ್ರಾಯವನ್ನು ಸಾರಾಸಗಟಾಗಿ ತಳ್ಳಿಹಾಕುವುದು ಅವಿವೇಕ. ಪರೀಕ್ಷಿಸದೆ ಒಪ್ಪಿಕೊಳ್ಳುವುದೂ ಅಷ್ಟೇ ಅವಿವೇಕ. ಒಳ್ಳೆಯ ಉದ್ದೇಶದಿಂದ ಹುಟ್ಟಿದ ವಿಚಾರವೂ ವಿಮರ್ಶೆಯ ಒರೆಗಲ್ಲಿಗೆ ಉಜ್ಜಲ್ಪಡಬೇಕು ಎಂಬ ದೃಷ್ಟಿಯಿಂದ ಈ ಲೇಖನವನ್ನು ಓದುಗರ ಮುಂದಿಡಲಾಗಿದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂತಹ ಕೃಷಿಪ್ರಧಾನ ತಾಲ್ಲೂಕುಗಳಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವಿದೆ. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಜಮೀನಿನ ವ್ಯಾಜ್ಯಕ್ಕಾಗಿಯೋ ಮೇಲ್ಮನವಿಗಾಗಿಯೋ ನಮ್ಮ ತಾಲ್ಲೂಕುಗಳ ಜನ ದಿನನಿತ್ಯ ಹತ್ತಿಳಿಯುವ ಮೆಟ್ಟಿಲುಗಳ ಪಕ್ಕದಲ್ಲೇ ಅದು ಸಿಡಿದದ್ದು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋರಿಕ್ಷಾ ಒಂದರಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ, ಅದರ ಆರೋಪಿ ಅದಕ್ಕೆ ಮೊದಲು ಮೈಸೂರಿನಲ್ಲಿ ಬಾಡಿಗೆಯ ಕೊಠಡಿಯಲ್ಲಿ ವಾಸವಾಗಿದ್ದನೆಂಬುದು ತನಿಖೆಯಲ್ಲಿ ಹೊರಬಂದಿತು. ಮೈಸೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾಯ್ದೇ ಹೋಗುತ್ತದೆ. ಕೋಟೆ ತಾಲ್ಲೂಕಿನ ಬಾವಲಿಯ ದಾರಿ ಕೇರಳಕ್ಕೆ ತೆರೆದುಕೊಳ್ಳುತ್ತದೆ. ದೂರವೆಂಬುದು ಈಗ ಯಾರಿಗೂ ರಕ್ಷಣೆಯಲ್ಲ.

ಮೊದಲಿಗೆ ವಿಜ್ಞಾನಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಮೈಸೂರಿನ ಪ್ರಕರಣವನ್ನೇ ನೋಡಬಹುದು. ಅದೇ ವರ್ಷ ಆಂಧ್ರಪ್ರದೇಶದ ಚಿತ್ತೂರು ಹಾಗೂ ನೆಲ್ಲೂರುಗಳಲ್ಲಿ, ಕೇರಳದ ಕೊಲ್ಲಂ ಹಾಗೂ ಮಲಪ್ಪುರಂಗಳಲ್ಲಿ ಇದೇ ಬಗೆಯ ಸ್ಫೋಟಗಳು ನಡೆದಿದ್ದವು. ಸ್ಥಳಗಳು ಬೇರೆ, ರಾಜ್ಯಗಳು ಬೇರೆ, ತನಿಖೆಯ ಭಾಷೆಗಳೂ ಬೇರೆ. ಆದರೆ ಸಿಡಿದ ವಸ್ತುವಿಗೆ ಭಾಷೆಯ ಗಡಿಯಿಲ್ಲ. ಬಾಂಬು ತನ್ನನ್ನು ತಾನೇ ಸುಟ್ಟುಕೊಂಡರೂ ಲೋಹದ ಚೂರು, ಬ್ಯಾಟರಿಯ ತುಣುಕು, ತಂತಿಯ ಸುರುಳಿ, ಗೋಡೆಗಂಟಿದ ರಾಸಾಯನಿಕದ ಕಣ ಇವುಗಳನ್ನು ಬಿಟ್ಟೇ ಹೋಗುತ್ತದೆ. ಪ್ರಯೋಗಾಲಯದಲ್ಲಿ ಆ ಕಣಗಳನ್ನು ಬೇರ್ಪಡಿಸಿ, ಅವುಗಳ ಘಟಕಗಳನ್ನು ಗುರುತಿಸಿ, ಒಂದು ಊರಿನ ಬೂದಿಯನ್ನು ಇನ್ನೊಂದು ಊರಿನ ಬೂದಿಯೊಡನೆ ಹೋಲಿಸಬಹುದು. ಮಲಪ್ಪುರಂನಲ್ಲಿ ದೊರೆತ ಪೆನ್ ಡ್ರೈವ್ ಕೂಡ ತನಿಖೆಗೆ ಒದಗಿದ ಒಂದು ವಸ್ತು. ರಾಷ್ಟ್ರೀಯ ತನಿಖಾ ದಳವು 2016ರ ನವೆಂಬರ್‌ನಲ್ಲಿ ಆರೋಪಿಗಳನ್ನು ಬಂಧಿಸಿತು. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಮೈಸೂರಿನ ಪ್ರಕರಣದಲ್ಲಿ ಮೂವರನ್ನು ಅಪರಾಧಿಗಳೆಂದು ಘೋಷಿಸಿ ಕಾರಾಗೃಹ ಶಿಕ್ಷೆ ವಿಧಿಸಿತು.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ನಡೆದ ಸ್ಫೋಟದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಹೋಟೆಲಿನ ಕ್ಯಾಮರಾ, ರಸ್ತೆಯ ಕ್ಯಾಮರಾ, ಬಸ್ಸಿನ ಕ್ಯಾಮರಾಗಳ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ಶಂಕಿತನ ದಾರಿಯನ್ನು ಪೋಣಿಸಲಾಯಿತು. ಅವನು ಕಳಚಿ ಬಿಟ್ಟುಹೋದ ಟೋಪಿಯೂ ಒಂದು ಸುಳಿವಾಯಿತು. ಆರು ವಾರಗಳಲ್ಲಿ, ಏಪ್ರಿಲ್ 12ರಂದು, ಪಶ್ಚಿಮ ಬಂಗಾಳದಲ್ಲಿ ಮುಖ್ಯ ಆರೋಪಿಗಳ ಬಂಧನವಾಯಿತು. ಇದನ್ನು ಸಾಧನೆಯೆಂದು ಒಪ್ಪಲು ಯಾವ ಸಂಕೋಚವೂ ಬೇಡ. ಆದರೆ ಒಂದು ಅಂಶವನ್ನು ಇಲ್ಲಿಯೇ ಗಮನಿಸಬೇಕು. ಕ್ಯಾಮರಾ ಸ್ಫೋಟವನ್ನು ತಡೆಯಲಿಲ್ಲ. ಸ್ಫೋಟವಾದ ನಂತರ ದಾರಿ ತೋರಿತು. ಯಂತ್ರದ ಕಣ್ಣು ಚೀಲವನ್ನು ಕಂಡಿತೇ ಹೊರತು ಚೀಲದೊಳಗಿನ ಕೇಡನ್ನು ಕಾಣಲಿಲ್ಲ. ಕಾವಲಿಗೂ ಶೋಧನೆಗೂ ಇರುವ ಈ ವ್ಯತ್ಯಾಸವನ್ನು ಮರೆತು ಕ್ಯಾಮರಾ ಮಾರುವವರ ಮಾತಿಗೆ ಮರುಳಾಗುವ ಸಂಸ್ಥೆಗಳು ಹಣವನ್ನು ಮಾತ್ರವಲ್ಲ, ಎಚ್ಚರವನ್ನೂ ಕಳೆದುಕೊಳ್ಳುತ್ತವೆ.

ಹಾಗಾದರೆ ಈ ಶಾಸ್ತ್ರದ ನಿಜವಾದ ಉಪಕಾರ ಯಾವುದು? ಅದನ್ನು ಅರಿಯಬೇಕಾದರೆ ಈ ಶಾಸ್ತ್ರವಿಲ್ಲದೆ ನಡೆದ ಒಂದು ತನಿಖೆಯ ಕಥೆಯನ್ನು ನೆನಪಿಸಿಕೊಳ್ಳಬೇಕು. ಅದು ನಮ್ಮ ಜಿಲ್ಲೆಯದೇ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡ ಹೂಳಿದ್ದ ನೆಲಬಾಂಬು ಸಿಡಿದು 22 ಮಂದಿ ಪ್ರಾಣ ಕಳೆದುಕೊಂಡರು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ಆ ಬೆಟ್ಟಸೀಮೆ ಮೈಸೂರು ಜಿಲ್ಲೆಗೇ ಸೇರಿತ್ತು. ಆ ದುಷ್ಕೃತ್ಯವನ್ನು ಯಾವ ಮಾತಿನಿಂದಲೂ ಹಗುರಗೊಳಿಸಲಾಗದು. ಆದರೆ ಅನಂತರ ನಡೆದದ್ದೇನು? ಕಾಡಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ಬಡ ಜನರ ಮೇಲೆ, ಹೆಂಗಸರೂ ಸೇರಿದಂತೆ, ಟಾಡಾ ಎಂಬ ಭಯೋತ್ಪಾದನಾ ನಿಗ್ರಹ ಕಾಯಿದೆಯನ್ನು ಹೇರಲಾಯಿತು. ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವೆಂದು ಮಾನ್ಯ ಮಾಡುವ ಅವಕಾಶ ಆ ಕಾಯಿದೆಯಲ್ಲಿತ್ತು. ಕಾಯಿದೆ 1995ರಲ್ಲಿ ಅವಧಿ ಮುಗಿದು ಕೊನೆಗೊಂಡಿತು. ಬಂಧಿತರ ಸೆರೆವಾಸ ಕೊನೆಗೊಳ್ಳಲಿಲ್ಲ. ವರ್ಷಗಟ್ಟಲೆ ಮೈಸೂರಿನ ಕಾರಾಗೃಹದಲ್ಲಿ ಕಳೆದ ಅವರಲ್ಲಿ ಬಹುತೇಕರನ್ನು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ನಿರ್ದೋಷಿಗಳೆಂದು ಬಿಟ್ಟಿತು. ಕಾರ್ಯಾಚರಣೆಯ ಪಡೆಗಳ ಮೇಲಿನ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. 2007ರಲ್ಲಿ 89 ಮಂದಿ ಸಂತ್ರಸ್ತರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಆಯೋಗ ಶಿಫಾರಸು ಮಾಡಿತು. ಹಣದಿಂದ ಯೌವನ ಮರಳುವುದಿಲ್ಲ.

ಈ ಎರಡು ತನಿಖೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ವಿಧಿವಿಜ್ಞಾನದ ನೈತಿಕ ಮೌಲ್ಯ ಸ್ಪಷ್ಟವಾಗುತ್ತದೆ. ವಸ್ತುಗಳು ಸಾಕ್ಷ್ಯ ನುಡಿಯತೊಡಗಿದಾಗ ಮನುಷ್ಯನನ್ನು ಹೊಡೆದು ನುಡಿಸಬೇಕಾದ ಅಗತ್ಯವಿಲ್ಲ. ಕಳ್ಳನ ಬೆರಳಚ್ಚು ಸಿಕ್ಕಿದ ಮೇಲೆ ಕಳ್ಳನ ಬೆರಳನ್ನು ಮುರಿಯುವುದು ಬೇಡ. ತನಿಖಾಧಿಕಾರಿಯ ಮುಷ್ಟಿಯನ್ನು ಸಡಿಲಿಸಿದ್ದೇ ಈ ಶಾಸ್ತ್ರದ ದೊಡ್ಡ ಉಪಕಾರ. ಅಪರಾಧಿಯನ್ನು ಹಿಡಿದದ್ದು ಅನಂತರದ ಮಾತು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಭೇಟಿ ನೀಡಬೇಕೆಂದು ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ವಿಧಿಯನ್ನು ಈ ಕಾರಣದಿಂದ ಸ್ವಾಗತಿಸಬೇಕು. ಆದರೆ ವಿಧಿಯನ್ನು ಬರೆದ ಮಾತ್ರಕ್ಕೆ ತಜ್ಞರು ಹುಟ್ಟಿಬರುವುದಿಲ್ಲ. ಪ್ರಯೋಗಾಲಯಗಳಿಗೆ ಸಾಕಷ್ಟು ಸಿಬ್ಬಂದಿ, ಅವುಗಳಿಗೆ ಪೊಲೀಸ್ ಇಲಾಖೆಯ ಒತ್ತಡದಿಂದ ಮುಕ್ತವಾದ ಸ್ವಾತಂತ್ರ್ಯ ಇವೆರಡೂ ಬೇಕು. ಕ್ಯಾಮರಾ ಕಂಬಗಳ ಉದ್ಘಾಟನೆಗೆ ಕೂಡುವ ಗಣ್ಯರು ಈ ಬೇಡಿಕೆಯನ್ನು ಎತ್ತುವುದು ಅಪರೂಪ.

ಇಷ್ಟಾದರೂ, ವಿಜ್ಞಾನದ ಹೆಸರಿನಲ್ಲಿ ಹಳೆಯ ಮುಷ್ಟಿಯೇ ಬಿಳಿಯ ನಿಲುವಂಗಿ ತೊಟ್ಟು ಮರಳಿ ಬಂದ ನಿದರ್ಶನವೂ ನಮ್ಮ ರಾಜ್ಯದಲ್ಲಿಯೇ ಇದೆ. ಕಳೆದ ದಶಕಕ್ಕೆ ಮೊದಲು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಶಂಕಿತನ ನರಕ್ಕೆ ಸೋಡಿಯಂ ಪೆಂಟೊಥಾಲ್ ಎಂಬ ಔಷಧವನ್ನು ಹನಿಹನಿಯಾಗಿ ಸೇರಿಸಿ, ಅರೆಪ್ರಜ್ಞೆಯಲ್ಲಿ ಅವನಿಂದ ಮಾತು ಹೊರಡಿಸುವ ವಿಧಾನವಿದು. 2006ರ ಜುಲೈ 11ರ ಮುಂಬಯಿ ರೈಲು ಸ್ಫೋಟಗಳ ಆರೋಪಿಗಳಲ್ಲಿ ಕೆಲವರನ್ನೂ ಇಲ್ಲಿಗೆ ಕರೆತಂದು ಪರೀಕ್ಷಿಸಲಾಯಿತು. ದೂರದರ್ಶನ ವಾಹಿನಿಗಳು ಆ ಪರೀಕ್ಷೆಗಳ ಸುದ್ದಿಯನ್ನು ಸತ್ಯದ ಕನ್ನಡಿಯೆಂಬಂತೆ ಬಿತ್ತರಿಸಿದವು. ಆದರೆ ಆ ಔಷಧ ಸಂಯಮವನ್ನು ಸಡಿಲಿಸುತ್ತದೆಯೇ ಹೊರತು ಸತ್ಯವನ್ನು ಸೃಷ್ಟಿಸುವುದಿಲ್ಲ. ಮಂಪರಿನಲ್ಲಿರುವವನು ಕಂಡದ್ದನ್ನೂ ಹೇಳಬಹುದು, ಕಲ್ಪಿಸಿದ್ದನ್ನೂ ಹೇಳಬಹುದು, ಪ್ರಶ್ನೆ ಕೇಳುವವನು ಸೂಚಿಸಿದ್ದನ್ನೇ ಮರುನುಡಿಯಲೂಬಹುದು.

2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ತೀರ್ಪು ನೀಡಿ, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ವಿದ್ಯುತ್ ತರಂಗಗಳ ಪರೀಕ್ಷೆ ಇವು ಸಂವಿಧಾನಬಾಹಿರವೆಂದು ಸಾರಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಲಾಗದು ಎಂಬ 20ನೆಯ ವಿಧಿಯ ರಕ್ಷಣೆ ಮನಸ್ಸಿಗೂ ಅನ್ವಯಿಸುತ್ತದೆ ಎಂಬುದು ಅದರ ಸಾರ. ಇನ್ನು ಮುಂಬಯಿ ಪ್ರಕರಣದ ಗತಿಯನ್ನೂ ನೋಡಬೇಕು. 2015ರಲ್ಲಿ ವಿಚಾರಣಾ ನ್ಯಾಯಾಲಯ ಐವರಿಗೆ ಮರಣದಂಡನೆಯನ್ನೂ ಏಳು ಮಂದಿಗೆ ಜೀವಾವಧಿಯನ್ನೂ ವಿಧಿಸಿತ್ತು. 2025ರ ಜುಲೈ 21ರಂದು ಮುಂಬಯಿ ಉಚ್ಚ ನ್ಯಾಯಾಲಯವು ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದು ಹೇಳಿ ಹನ್ನೆರಡೂ ಮಂದಿಯ ಶಿಕ್ಷೆಯನ್ನು ರದ್ದುಪಡಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು, ಬಿಡುಗಡೆಯಾದವರು ಮರಳಿ ಸೆರೆಗೆ ಹೋಗಬೇಕಾಗಿಲ್ಲವೆಂದೂ ಹೇಳಿತು. ಹತ್ತೊಂಬತ್ತು ವರ್ಷಗಳ ನಂತರವೂ ಸತ್ತ ನೂರ ಎಂಬತ್ತಕ್ಕೂ ಹೆಚ್ಚು ಜನರ ಕುಟುಂಬಗಳಿಗೆ ಖಚಿತವಾದ ಉತ್ತರ ದೊರೆಯಲಿಲ್ಲ. ದುರ್ಬಲ ಸಾಕ್ಷ್ಯವು ಆರೋಪಿಗೆ ಮಾಡುವ ಅನ್ಯಾಯವನ್ನು ನಾವು ಬೇಗ ಗುರುತಿಸುತ್ತೇವೆ; ನೊಂದವರಿಗೆ ಮಾಡುವ ಅನ್ಯಾಯವನ್ನು ಗುರುತಿಸುವುದು ತಡವಾಗಿ.

ಗೃಹಸ್ಥಧರ್ಮವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿರುವುದು ಓದುಗರಿಗೆ ತಿಳಿದದ್ದೇ. ಆಕ್ರಮಣವನ್ನು ಎದುರಿಸುವಾಗ ಅನಿವಾರ್ಯವಾಗಿ ಆಗುವ ವಿರೋಧೀ ಹಿಂಸೆಯಿಂದ ಗೃಹಸ್ಥನೂ ರಾಜ್ಯವೂ ಪೂರ್ತಿಯಾಗಿ ಪಾರಾಗಲಾರವು. ಆದರೆ ಈ ವಿನಾಯಿತಿಗೆ ಒಂದು ಎಲ್ಲೆಯಿದೆ. ಶಸ್ತ್ರ ಹಿಡಿದು ಎದುರು ನಿಂತವನು ವಿರೋಧಿ. ಕೈಕಾಲು ಕಟ್ಟಿ ಮೇಜಿನ ಮೇಲೆ ಮಲಗಿಸಲ್ಪಟ್ಟವನು ಆ ಕ್ಷಣದಲ್ಲಿ ಯಾರನ್ನೂ ವಿರೋಧಿಸುತ್ತಿಲ್ಲ. ಅವನ ಮೇಲೆ ನಡೆಸುವ ಬಲಾತ್ಕಾರವನ್ನು ವಿರೋಧೀ ಹಿಂಸೆಯೆಂಬ ಹೆಸರಿನಲ್ಲಿ ಸಮರ್ಥಿಸಲು ಬರುವುದಿಲ್ಲ. ಅದು ಯೋಚಿಸಿ, ನಿಶ್ಚಯಿಸಿ ಮಾಡಿದ್ದು. ಅದಕ್ಕೆ ಬಳಸಿದ್ದು ಲಾಠಿಯೋ ಸೂಜಿಯೋ ಎಂಬುದರಿಂದ ಕರ್ಮದ ಸ್ವರೂಪ ಬದಲಾಗುವುದಿಲ್ಲ.

ವಿಜ್ಞಾನದ ಸಾಕ್ಷ್ಯ ಸರಿಯಾಗಿದ್ದರೂ ಅದನ್ನು ಓದುವವನು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನ ವೈದ್ಯರಾದ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ ಸಾಕ್ಷಿ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಲಾಯಿತು. ಆ ಕೃತ್ಯ ಎಸಗಿ ಸುಟ್ಟಗಾಯಗಳಿಂದ ಸತ್ತವನು ಬೆಂಗಳೂರಿನ ಇಂಜಿನಿಯರ್. ಹನೀಫರ ದೂರದ ಬಂಧು. ಆಸ್ಟ್ರೇಲಿಯಾದಲ್ಲಿದ್ದ ಹನೀಫರು ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಇನ್ನೊಬ್ಬ ಬಂಧುವಿಗೆ ಕೊಟ್ಟುಬಂದಿದ್ದರು. ಆ ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ವಾಸ್ತವದಲ್ಲಿ ಅದು ಸಿಕ್ಕಿದ್ದು ಬಹುದೂರದ ಲಿವರ್‌ಪೂಲ್‌ನಲ್ಲಿ. ಜುಲೈ ಕೊನೆಗೆ ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು, ಮರುವರ್ಷದ ವಿಚಾರಣಾ ಆಯೋಗ ಅವರನ್ನು ನಿರ್ದೋಷಿಯೆಂದಿತು, 2010ರಲ್ಲಿ ಪರಿಹಾರವೂ ದೊರೆಯಿತು. ಒಂದೇ ಘಟನೆಯಲ್ಲಿ ಎರಡು ಪಾಠಗಳಿವೆ. ಉನ್ನತ ತಾಂತ್ರಿಕ ಶಿಕ್ಷಣವು ಕ್ರೌರ್ಯಕ್ಕೆ ತಡೆಗೋಡೆಯಲ್ಲ. ತಾಂತ್ರಿಕ ಸುಳಿವು ಇದ್ದಲ್ಲಿಯೂ ವಿವೇಕವಿಲ್ಲದಿದ್ದರೆ ನಿರಪರಾಧಿಯೇ ಬಲಿ.

ಮುಖ ಗುರುತಿಸುವ ಯಂತ್ರಗಳ ಬಗ್ಗೆ ಒಂದು ಸರಳ ಲೆಕ್ಕ ಮಾಡಿ ನೋಡೋಣ. ನೂರರಲ್ಲಿ 99 ಸಲ ಸರಿಯಾಗಿ ಹೇಳುವ ಯಂತ್ರವಿದೆಯೆಂದು ಭಾವಿಸಿ. ದೊಡ್ಡ ಜಾತ್ರೆಯೊಂದಕ್ಕೆ ಬಂದ ಒಂದು ಲಕ್ಷ ಜನರನ್ನು ಅದು ಪರೀಕ್ಷಿಸುತ್ತದೆ. ಅವರಲ್ಲಿ ಐವರು ನಿಜವಾದ ದುಷ್ಟರು. ಯಂತ್ರ ಆ ಐವರನ್ನೂ ಗುರುತಿಸಿದರೂ, ಅವರೊಡನೆ ಸುಮಾರು ಒಂದು ಸಾವಿರ ನಿರಪರಾಧಿಗಳತ್ತಲೂ ಬೆರಳು ತೋರುತ್ತದೆ. ಅಂದರೆ ಯಂತ್ರ ಗಂಟೆ ಬಾರಿಸಿದ ಪ್ರತಿ ಇನ್ನೂರು ಸಲಗಳಲ್ಲಿ ಒಂದು ಸಲ ಮಾತ್ರ ಅದು ಸರಿ. ಯಂತ್ರವನ್ನು ಮಾರುವವರು 99ರ ಸಂಖ್ಯೆಯನ್ನು ಹೇಳುತ್ತಾರೆ, ಸಾವಿರದ ಸಂಖ್ಯೆಯನ್ನು ಹೇಳುವುದಿಲ್ಲ.

ಈ ವಿಷಯದಲ್ಲಿ ನಮ್ಮ ನಾಗರಹೊಳೆಯ ಕಾಡು ಒಂದು ಒಳ್ಳೆಯ ಪಾಠ ಹೇಳುತ್ತದೆ. ಹುಣಸೂರು, ಕೋಟೆ ತಾಲ್ಲೂಕುಗಳಿಗೂ ಕೊಡಗಿಗೂ ಹರಡಿದ ಆ ಕಾಡಿನಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿಯೇ ಸ್ವಯಂಚಾಲಿತ ಕ್ಯಾಮರಾಗಳಿಂದ ಹುಲಿಗಳ ಗಣತಿಯ ವಿಧಾನವನ್ನು ರೂಪಿಸಿದರು. ಮನುಷ್ಯನ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ. ಆದರೆ ಕ್ಯಾಮರಾಕ್ಕೆ ಸಿಕ್ಕಿದಷ್ಟೇ ಹುಲಿಗಳಿವೆಯೆಂದು ಆ ವಿಧಾನ ಹೇಳುವುದಿಲ್ಲ. ಕಾಣದೆ ಉಳಿದ ಹುಲಿಗಳೆಷ್ಟಿರಬಹುದು, ಲೆಕ್ಕ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬುದನ್ನೂ ಅದು ಅಂದಾಜಿನ ಜೊತೆಗೇ ದಾಖಲಿಸುತ್ತದೆ. ಕಾಡಿನ ಹುಲಿಯನ್ನು ಎಣಿಸುವಾಗ ಇಷ್ಟು ವಿನಯ ತೋರುವ ವಿಜ್ಞಾನ, ಊರಿನ ಮನುಷ್ಯನನ್ನು ಅಪರಾಧಿಯೆಂದು ಕರೆಯುವಾಗ ಅದಕ್ಕಿಂತ ಕಡಿಮೆ ವಿನಯ ತೋರಬಾರದು. ತಪ್ಪಿನ ಪ್ರಮಾಣವನ್ನು ಹೇಳದ ಯಂತ್ರದ ಮಾತು ವಿಜ್ಞಾನವಲ್ಲ, ಜ್ಯೋತಿಷ್ಯ.

ಯಂತ್ರ ಬೇಡ, ಹೆಸರು ನೋಡಿಯೇ ಶಂಕಿತರನ್ನು ಗುರುತಿಸಬಹುದೆನ್ನುವ ಇನ್ನೊಂದು ವರ್ಗವಿದೆ. ಮಂಗಳೂರು ಪ್ರಕರಣದ ಆರೋಪಿ ಮೈಸೂರಿನಲ್ಲಿ ಕೊಠಡಿ ಪಡೆದದ್ದು ಅನ್ಯಧರ್ಮೀಯನೊಬ್ಬನ ಕಳವಾದ ಆಧಾರ್ ಚೀಟಿ ತೋರಿಸಿ. ಹೆಸರಿನ ಜರಡಿ ಹಿಡಿದು ಕುಳಿತವರಿಂದ ಆತ ಸುಲಭವಾಗಿ ಪಾರಾದ. ಅದೇ ಜರಡಿಯಲ್ಲಿ ಸಾವಿರಾರು ಸಜ್ಜನರು ಅವಮಾನಿತರಾಗುತ್ತಾರೆ. ಅನ್ಯಾಯವೂ ಹೌದು, ನಿಷ್ಫಲವೂ ಹೌದು. ಸ್ವತಃ ಅಲ್ಪಸಂಖ್ಯಾತರಾದ ನಾವು ಇದನ್ನು ಬೇರೆಯವರಿಗಿಂತ ಬೇಗ ಅರಿಯಬೇಕು.

ಇನ್ನು ನಮ್ಮ ಸಂಸ್ಥೆಗಳ ಕರ್ತವ್ಯದ ಮಾತು. ಗೊಮ್ಮಟಗಿರಿಗೂ ಚಿಕ್ಕಹನಸೋಗೆಯ ಆದಿನಾಥ ಬಸದಿಗೂ ಬರುವ ಯಾತ್ರಿಕರಿಗೆ ರಕ್ಷಣೆ ಒದಗಿಸುವುದು ಧರ್ಮಕಾರ್ಯವೇ. ಒಂದೇ ವೇಳೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ, ಧಾರ್ಮಿಕ ಸ್ಥಳಗಳೂ ಸೇರಿದಂತೆ, ಕ್ಯಾಮರಾ ಅಳವಡಿಸಿ 30 ದಿನಗಳ ಚಿತ್ರಗಳನ್ನು ಕಾಪಾಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆ ವಿಧಿಸುತ್ತದೆ. ಕಾಯಿದೆಯನ್ನು ಪಾಲಿಸೋಣ. ಆದರೆ ಆ ಚಿತ್ರಗಳನ್ನು ಯಾರು ನೋಡುತ್ತಾರೆ, ಯಾರಿಗೆ ಕೊಡುತ್ತಾರೆ, ಅವಧಿ ಮುಗಿದ ಮೇಲೆ ಅಳಿಸುತ್ತಾರೆಯೇ ಎಂಬುದನ್ನೂ ಆಡಳಿತ ಮಂಡಳಿ ಲಿಖಿತವಾಗಿ ನಿರ್ಧರಿಸಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಸಾರಿತಲ್ಲವೇ? ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ದೇವರ ಮುಂದೆ ಕಣ್ಣೀರಿಟ್ಟವರ ಚಿತ್ರ ಊರವರ ಮೊಬೈಲುಗಳಲ್ಲಿ ಹರಿದಾಡಬಾರದು.

ಯಾತ್ರಿನಿವಾಸದಲ್ಲಿ ಕೊಠಡಿ ಕೊಡುವಾಗ ಆಧಾರ್‌ನ ನಕಲು ಪ್ರತಿಯನ್ನು ಪುಸ್ತಕಕ್ಕೆ ಅಂಟಿಸಿದರೆ ಕರ್ತವ್ಯ ಮುಗಿಯಿತೆಂದು ನಾವು ತಿಳಿಯುತ್ತೇವೆ. ನಕಲು ಪ್ರತಿಯನ್ನು ತಿದ್ದುವುದು ಸುಲಭ. ಚೀಟಿಯ ಮೇಲಿರುವ ಕ್ಯೂಆರ್ ಸಂಕೇತದಲ್ಲಿ ಅಂಕೀಯ ಸಹಿಯುಳ್ಳ ವಿವರವೂ ಭಾವಚಿತ್ರವೂ ಅಡಕವಾಗಿವೆ. ಅದನ್ನು ಅಧಿಕೃತ ಅಪ್ಲಿಕೇಶನ್ನಿನಿಂದ ಓದಿ, ಎದುರಿಗಿರುವ ಮುಖದೊಡನೆ ಹೋಲಿಸಿದರೆ ಪರಿಶೀಲನೆ ನಿಜವಾಗುತ್ತದೆ, ನಕಲು ಇಟ್ಟುಕೊಳ್ಳುವ ಅಗತ್ಯವೂ ಕಡಿಮೆಯಾಗುತ್ತದೆ. ಕಡಿಮೆ ಸಂಗ್ರಹ, ಹೆಚ್ಚು ಎಚ್ಚರ: ಪರಿಗ್ರಹದ ಮಿತಿ ಕಾಗದಪತ್ರಗಳಿಗೂ ಅನ್ವಯಿಸಲಿ.

ವ್ಯಾಪಾರದಲ್ಲಿರುವ ಕುಟುಂಬಗಳ ಹೊಣೆ ಇದಕ್ಕಿಂತ ದೊಡ್ಡದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಐದು ಅನರ್ಥದಂಡಗಳಲ್ಲಿ ಹಿಂಸಾದಾನವನ್ನೂ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗಿಡುವುದು ಹಿಂಸಾದಾನ. ಎಚ್ಚರಗೇಡಿತನದಿಂದ ಕೇಡಿಗೆ ದಾರಿಮಾಡುವುದು ಪ್ರಮಾದ. ಈ ಕಾಲದಲ್ಲಿ ಉಪಕರಣವೆಂದರೆ ಕತ್ತಿ ಕೊಡಲಿಗಳಷ್ಟೇ ಅಲ್ಲ. ಅಮೋನಿಯಂ ನೈಟ್ರೇಟಿನ ಮಾರಾಟ, ದಾಸ್ತಾನುಗಳಿಗೆ 2012ರ ನಿಯಮಗಳ ಪ್ರಕಾರ ಪರವಾನಗಿಯೂ ಲೆಕ್ಕಪತ್ರವೂ ಬೇಕು. ಕಲ್ಲುಗಣಿಯ ಸ್ಫೋಟಕ ಬೇರೆಡೆ ಹೋದರೆ, ಇನ್ನೊಬ್ಬರ ದಾಖಲೆಯ ಮೇಲೆ ಸಿಮ್ ಮಾರಿದರೆ, ಗುರುತು ನೋಡದೆ ಮನೆ ಬಾಡಿಗೆಗೆ ಕೊಟ್ಟರೆ, ಆ ನಾಲ್ಕು ಕಾಸಿನ ಲಾಭದ ಹಿಂದೆ ಯಾರದೋ ಸಾವು ಇರಬಹುದು. ನನಗೆ ಗೊತ್ತಿರಲಿಲ್ಲ ಎಂಬ ಉತ್ತರ ಕಾನೂನಿನ ಮುಂದೆ ಕೆಲವೊಮ್ಮೆ ನಿಲ್ಲಬಹುದು. ಪ್ರಮಾದವನ್ನೇ ಹಿಂಸೆಯ ಮೂಲವೆಂದು ತಿಳಿದವರ ಮುಂದೆ ಅದು ನಿಲ್ಲದು.

2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿನ ದಾಳಿ ನಡೆದು, ಸಮ್ಮೇಳನಕ್ಕೆ ಬಂದಿದ್ದ ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಅವರು ಹತರಾದರು. ಭಯೋತ್ಪಾದನೆಯ ಹಗೆತನ ವಿಜ್ಞಾನದ ಮೇಲೂ ಇದೆ, ಏಕೆಂದರೆ ವಿಜ್ಞಾನ ಪ್ರಶ್ನಿಸುತ್ತದೆ, ಪುರಾವೆ ಕೇಳುತ್ತದೆ, ತಪ್ಪನ್ನು ತಿದ್ದಿಕೊಳ್ಳುತ್ತದೆ. ಭಯೋತ್ಪಾದಕನಿಗೆ ಇವು ಮೂರೂ ಸಹಿಸವು. ಆದುದರಿಂದ ಭಯದ ವಿರುದ್ಧ ವಿಜ್ಞಾನವನ್ನು ಬಳಸುವವರು ಅದರ ಉಪಕರಣಗಳನ್ನು ಮಾತ್ರ ತಂದು ಈ ಗುಣಗಳನ್ನು ಹೊರಗೆ ಬಿಟ್ಟರೆ ಪ್ರಯೋಜನವಿಲ್ಲ. ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲಿ ಕ್ಯಾಮರಾ ಖರೀದಿಯ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವಾಗ, ಅದರ ಬೆಲೆಯ ಜೊತೆಗೆ ಅದು ಮಾಡಬಹುದಾದ ತಪ್ಪುಗಳನ್ನೂ, ಆ ತಪ್ಪಿಗೆ ಯಾರು ಹೊಣೆಯೆಂಬುದನ್ನೂ ಕೇಳಿ ದಾಖಲಿಸಲಿ. ಅಷ್ಟಾದರೆ ಈ ವಿಮರ್ಶೆಯ ಉದ್ದೇಶ ಈಡೇರಿದಂತೆ.